ಸದ್ದಿಲ್ಲದೆ ಓಡುತ್ತಿದ್ದ ಬೋರ್ಡುಗಳು

ಮೊನ್ನೆ ಮಿಕ್ಸಿ ರಿಪೇರಿಗೆಂದು ಮಾರೇನಹಳ್ಳಿಯ ಒಂದು ಅಂಗಡಿಗೆ ಹೋಗಿದ್ದೆ. ಹೊರಗೆ ಮಳೆ ಹನಿಯುತ್ತಿತ್ತು. ಅಂಗಡಿಯವನು ಬಿಸಿಯಾದ ಬೆಸುಗೆ ಕಡ್ಡಿಯನ್ನು ರಾಳದ ಡಬ್ಬಿಯೊಳಗೆ ಅದ್ದಿದ. ಚುರ್ ಅಂತ ಒಂದೆಳೆ ಹೊಗೆ ಎದ್ದಿತು. ಒದ್ದೆ ಸಿಮೆಂಟಿನ ವಾಸನೆ, ಆ ರಾಳದ ಹೊಗೆ, ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. "ಸಂಜೆ ಬರ್ತೀನಣ್ಣ" ಅಂದು ಸ್ಕೂಟರ್ ಹತ್ತಿದೆ. "ಮೇಡಂ, ಐದ್ ನಿಮಿಷ ಅಷ್ಟೇ, ಆಗೋಯ್ತು" ಅಂತ ಅವನು ಹಿಂದಿನಿಂದ ಕೂಗುತ್ತಲೇ ಇದ್ದ. ಐದು ನಿಮಿಷವಂತೆ! ಒಂದಿಡೀ ಮಳೆಗಾಲ ಇದೇ ವಾಸನೆಯಲ್ಲಿ ಕೂತು ಎದ್ದವಳು ನಾನು. ಕೊನೆಗೆ ಕೈಗೆ ಏನೂ ಹತ್ತಲಿಲ್ಲ.

ಆ ವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೇ ನನ್ನ ಕೆಲಸ ಹೋಗಿತ್ತು. ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ನಮ್ಮ ತಂಡ ಮಾಡುತ್ತಿದ್ದುದನ್ನು ಇನ್ನು ಯಾರೂ ಕೊಳ್ಳುವುದಿಲ್ಲ ಅಂತ ತೀರ್ಮಾನವಾಗಿ, ತಂಡವನ್ನೇ ಮುಚ್ಚಿದರು. ನಲವತ್ತು ದಾಟಿದ ಹೆಂಗಸಿಗೆ ಹೊಸ ಕೆಲಸ ಯಾರು ಕೊಡುತ್ತಾರೆ? ಬಸವೇಶ್ವರನಗರದ ಮನೆಯಲ್ಲಿ ಅಮ್ಮನ ಮುಖ ನೋಡಿಕೊಂಡು ಕೂತು ಕೂತು ತಲೆ ಕೆಟ್ಟುಹೋಗಿತ್ತು. ಒಂದು ದಿನ ತರಕಾರಿ ತರಲು ಕುರುಬರಹಳ್ಳಿ ಕಡೆ ಹೋದಾಗ ಶ್ರೀಕಂಠಯ್ಯ ಸಾರ್ ಸಿಕ್ಕರು. ನಾನು ಓದು ಮುಗಿಸಿ ತರಬೇತಿಗೆ ಸೇರಿದ ಟೆಲಿಫೋನ್ ಯಂತ್ರಗಳ ಕಾರ್ಖಾನೆಯಲ್ಲಿ ಅವರು ನನ್ನ ಮೇಲಿನವರು. ಆ ಕಾರ್ಖಾನೆ ಮುಚ್ಚಿ ಯಾವ ಕಾಲವಾಯಿತೋ. ಸಾರ್‌ಗೆ ಎಪ್ಪತ್ತಾಗಿತ್ತು, ಆದರೂ ಅದೇ ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಅದೇ ಹಣೆಯ ವಿಭೂತಿ.

"ಖಾಲಿ ಇದೀಯಾ? ಹಾಗಾದ್ರೆ ಮನೆಗೆ ಬಾ, ತಾರಸಿ ಮೇಲೆ ಒಂದು ತೋರಿಸ್ಬೇಕು" ಅಂದರು. ಅವರ ಮುಖ ಸಪ್ಪಗಿತ್ತು.

ಸಾರ್ ಹೆಂಡತಿಯೊಂದಿಗೆ ಜಯಮ್ಮ ಆಂಟಿ ಅನ್ನುವವರ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದರು. ಜಯಮ್ಮ ಆಂಟಿಯದು ಕುರುಬರಹಳ್ಳಿಯ ಮೂಲ ಮನೆತನ. ಈಗ ಮೂರಂತಸ್ತಿನ ಮನೆ ನಿಂತಿರುವ ಜಾಗದಲ್ಲಿ ಅವರ ಮಾವ ರಾಗಿ ಬೆಳೆಯುತ್ತಿದ್ದರಂತೆ. ಆ ಮನೆಯ ತಾರಸಿಯ ಮೇಲೆ ಶೀಟು ಹೊದಿಸಿದ ಒಂದು ರೂಮಿತ್ತು. ಅದರೊಳಗೆ ಮೇಜಿನ ಮೇಲೆ ಮೂರು ಹಸಿರು ಬೋರ್ಡುಗಳು. ಒಂದೊಂದೂ ಊಟದ ತಟ್ಟೆಯಷ್ಟು ಅಗಲ. ಮೂರರಲ್ಲೂ ಒಂದೇ ಜಾತಿಯ ಪ್ರೊಸೆಸರ್, ಹೊರದೇಶದ ಕಂಪನಿಯೊಂದು ಹಿಂದೆ ಮಾಡಿ, ಆಮೇಲೆ ಕೈಬಿಟ್ಟದ್ದು. ಈಗ ಗುಜರಿಯಲ್ಲೂ ಸಿಗುವುದಿಲ್ಲ.

ಕರ್ನಲ್ ಅಂದರೇನು ಅಂತ ಅಮ್ಮ ಕೇಳಿದಾಗ ನಾನು ಹೇಳಿದ್ದು ಇಷ್ಟು: ಸ್ವಿಚ್ ಹಾಕಿದ ಕೂಡಲೇ ಎಲ್ಲರಿಗಿಂತ ಮೊದಲು ಎದ್ದು, ಮನೆಯಲ್ಲಿರುವ ಉಳಿದವರನ್ನೆಲ್ಲ ಎಬ್ಬಿಸಿ, ಯಾರಿಗೆ ಯಾವ ಕೆಲಸ ಅಂತ ಹೇಳುವ ತಂತ್ರಾಂಶ. "ನನ್ನ ಥರ ಅನ್ನು" ಅಂದಿದ್ದಳು ಅಮ್ಮ. ಜಗತ್ತಿನವರೆಲ್ಲ ಸೇರಿ ಬರೆಯುವ, ಯಾರು ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಳ್ಳಬಹುದಾದ ಅಂಥದ್ದೊಂದು ಕರ್ನಲ್ ಇದೆ. ಒಂದೊಂದು ಜಾತಿಯ ಪ್ರೊಸೆಸರ್‌ಗೂ ಅದರಲ್ಲಿ ಬೇರೆಬೇರೆ ಫೋಲ್ಡರ್. ಈ ಹಳೇ ಪ್ರೊಸೆಸರ್‌ನ ಫೋಲ್ಡರ್ ಬರೆದವರು ನಮ್ಮ ಕಾರ್ಖಾನೆಯ ಮೂವರು: ಶ್ರೀಕಂಠಯ್ಯ ಸಾರ್, ಪ್ರಭಾಕರ್, ವೆಂಕಟೇಶ್. ಪಾಳಿ ಮುಗಿದ ಮೇಲೆ ಕ್ಯಾಂಟೀನಿನ ಬೆಂಚಿನ ಮೇಲೆ ಕೂತು ಬರೆದದ್ದು. ಕಾರ್ಖಾನೆ ಹೋಯಿತು. ಪ್ರಭಾಕರ್ ಹೃದಯಾಘಾತದಲ್ಲಿ ಹೋದರು, ವೆಂಕಟೇಶ್ ಕೊರೊನಾದಲ್ಲಿ. ಆ ಮೂವರೂ ಸೇರಿ ಮಾಡಿದ್ದರಲ್ಲಿ ಇನ್ನೂ ಉಸಿರಾಡುತ್ತಿದ್ದುದು ಆ ಫೋಲ್ಡರ್ ಒಂದೇ.

ಕರ್ನಲ್ಲಿನ ಹೊಸ ಪರೀಕ್ಷಾ ಆವೃತ್ತಿ ಹೊರದೇಶದಲ್ಲಿ ಅದನ್ನು ನೋಡಿಕೊಳ್ಳುವವರ ಭಾನುವಾರ ಹೊರಬರುತ್ತದೆ, ಅಂದರೆ ನಮಗೆ ಸೋಮವಾರ ಬೆಳಗ್ಗೆ. ಸಾರ್ ಸ್ನಾನ ಮಾಡಿ, ಕಾಫಿ ಫ್ಲಾಸ್ಕ್ ಹಿಡಿದು ತಾರಸಿಗೆ ಹತ್ತಿ, ಅದನ್ನು ಇಳಿಸಿಕೊಂಡು, ಮೂರೂ ಬೋರ್ಡಿಗೆ ತುಂಬಿ ಸ್ವಿಚ್ ಹಾಕುತ್ತಿದ್ದರು. ಪರದೆಯ ಮೇಲೆ ಬಿಳಿ ಸಾಲುಗಳು ಓಡಿ ಓಡಿ ಕೊನೆಗೆ ನಿಮ್ಮ ಹೆಸರೇನು ಅಂತ ಕೇಳುವಲ್ಲಿಗೆ ಬಂದು ನಿಂತರೆ ಆ ವಾರದ ಕೆಲಸ ಆಯಿತು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಸಂಬಳವಿಲ್ಲ, ಕೇಳಿದವರಿಲ್ಲ.

ಅವತ್ತು ಅವರು ತೋರಿಸಿದ್ದು ಕರ್ನಲ್ ನೋಡಿಕೊಳ್ಳುವ ಹಿರಿಯನೊಬ್ಬನ ಮೇಲ್. ಆತ ಯಾವುದೋ ಚಳಿದೇಶದವನು, ಬಹಳ ಮರ್ಯಾದಸ್ಥ. ಈ ಪ್ರೊಸೆಸರ್‌ನ ಬಗ್ಗೆ ಏಳೆಂಟು ವರ್ಷಗಳಿಂದ ಯಾರೂ ಒಂದು ಮಾತೂ ಆಡಿಲ್ಲ, ಬಳಸುವವರು ಯಾರೂ ಇಲ್ಲ ಅಂತ ಕಾಣುತ್ತದೆ, ಫೋಲ್ಡರ್ ತೆಗೆದುಹಾಕೋಣವೇ ಅಂತ ಎಲ್ಲರನ್ನೂ ಕೇಳಿದ್ದ.

"ಸಾರ್, ನೀವು ಪ್ರತಿ ವಾರ ಟೆಸ್ಟ್ ಮಾಡ್ತಿದ್ರಿ ತಾನೇ?"

"ಒಂದು ವಾರನೂ ತಪ್ಪಿಸಿಲ್ಲ ಕಣಮ್ಮ."

"ಮತ್ತೆ ಅವರಿಗೆ ಬರೀಲಿಲ್ವಾ?"

"ಏನಂತ ಬರೀಲಿ? ಎಲ್ಲಾ ಸರಿಯಾಗಿತ್ತಲ್ಲ."

"ಸರಿಯಾಗಿದೆ ಅಂತ ಬರೀಬೇಕು ಸಾರ್!"

ಸಾರ್ ನನ್ನನ್ನು ವಿಚಿತ್ರವಾಗಿ ನೋಡಿದರು. "ಅಲ್ಲಮ್ಮಾ ಗಿರಿಜಾ, ಹೊಟ್ಟೆನೋವು ಇಲ್ಲ ಅಂತ ಯಾರಾದ್ರೂ ಡಾಕ್ಟರಿಗೆ ಫೋನ್ ಮಾಡ್ತಾರಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಲ್‌ನ ಕೆಳಗಿನ ಸಾಲು ಓದಿ, ಮತ್ತೊಮ್ಮೆ ಓದಿದೆ. ಈ ಫೋಲ್ಡರ್ ಎರಡು ವರ್ಷಗಳಿಂದ ಕಂಪೈಲ್ ಕೂಡ ಆಗುತ್ತಿಲ್ಲ, ಅಂದರೆ ಬರೆದದ್ದು ಯಂತ್ರದ ಭಾಷೆಗೆ ಇಳಿಯುತ್ತಲೇ ಇಲ್ಲ, ಅಂತ ಬರೆದಿದ್ದ. ಕಂಪೈಲ್ ಆಗದಿದ್ದರೆ ಬೋರ್ಡಿಗೆ ತುಂಬುವುದಕ್ಕೇ ಏನೂ ಹುಟ್ಟುವುದಿಲ್ಲ. ಆದರೆ ಇಲ್ಲಿ ಕಣ್ಣೆದುರಿಗೆ ಮೂರೂ ಬೋರ್ಡು ಚೆನ್ನಾಗಿ ಎದ್ದು ಕೂತಿದ್ದವು! ಇದು ಹೇಗೆ ಅಂತ ಕೇಳಿದೆ. ಸಾರ್ ಸಂಕೋಚದಿಂದ ತಮ್ಮ ಕಂಪ್ಯೂಟರಿನಲ್ಲಿದ್ದ ಪ್ರತಿ ತೋರಿಸಿದರು. ಬೇರೆ ಯಾರೋ ಎಲ್ಲೋ ಏನೋ ಬದಲಾಯಿಸಿದಾಗ ಈ ಫೋಲ್ಡರಿನಲ್ಲಿ ಒಂದು ಸಾಲು ಮುರಿಯುತ್ತಿತ್ತು. ಸಾರ್ ಅದನ್ನು ಹುಡುಕಿ, ತಮ್ಮ ಪ್ರತಿಯಲ್ಲಿ ಸರಿಮಾಡಿಕೊಂಡು, ಪರೀಕ್ಷೆ ಮುಂದುವರಿಸುತ್ತಿದ್ದರು. ಆ ರಿಪೇರಿಗಳಲ್ಲಿ ಒಂದನ್ನೂ ಹೊರಗೆ ಕಳಿಸಿರಲಿಲ್ಲ.

"ಒಂದು ಸಾಲು, ಎರಡು ಸಾಲು ಕಣಮ್ಮ. ಇಷ್ಟಕ್ಕೆಲ್ಲ ಅಷ್ಟು ದೊಡ್ಡವರ ತಲೆ ತಿನ್ನೋದಾ ಅಂತ..."

ನನ್ನ ಮೈಯೆಲ್ಲ ಉರಿದುಹೋಯಿತು. "ಸಾರ್, ನಿಮಗೆ ಬಾಯಿ ಬಿಟ್ಟರೆ ಮುತ್ತು ಉದುರಿಹೋಗ್ತಿತ್ತಾ? ಪ್ರಪಂಚದ ಲೆಕ್ಕದಲ್ಲಿ ಇದು ಸತ್ತು ಎರಡು ವರ್ಷ ಆಗಿದೆ! ಸತ್ತಿದೆ ಅಂತ ಒಬ್ಬನೂ ಅಳಲಿಲ್ಲ, ಅದಕ್ಕೇ ತೆಗೀತಿದಾರೆ!" ಅಂದುಬಿಟ್ಟೆ. ಎಪ್ಪತ್ತರ ಹಿರಿಯರ ಮೇಲೆ ಹಾಗೆ ಕೂಗಾಡಬಾರದು, ಗೊತ್ತು. ಆದರೆ ಅವರು ಬೈಸಿಕೊಂಡು ಸುಮ್ಮನೆ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ನನ್ನ ಮುಂದೆ ಇಟ್ಟರು.

"ಇದೊಂದು ಉಳೀಬೇಕು ಗಿರಿಜಾ. ನನಗೆ ಬೇರೆ ಏನೂ ಬೇಡ" ಅಂದರು.

ಆ ಮಾತಿಗೆ ನಾನು ಕರಗಿದೆ. ಕೆಲಸ ಕಳೆದುಕೊಂಡವಳಿಗೆ, ಯಾರಿಗೂ ಬೇಡವಾದದ್ದು ಅಂತ ಒಂದನ್ನು ತೆಗೆದುಹಾಕುವುದನ್ನು ನೋಡಿಕೊಂಡು ಕೂರಲಾಗುವುದಿಲ್ಲ. ಅಲ್ಲೇ ಕೂತು ಆ ಹಿರಿಯನಿಗೆ ಉತ್ತರ ಬರೆದೆವು. ಆತ ಪಾಪ, ಆಶ್ಚರ್ಯಪಟ್ಟು ತಕ್ಷಣ ಮರಳಿ ಬರೆದ. ಮೂರು ಕೇಳಿದ. ಆ ರಿಪೇರಿಗಳನ್ನೆಲ್ಲ ಕಳಿಸಬೇಕು. ಹೊಸ ಕರ್ನಲ್ ನಿಜವಾದ ಬೋರ್ಡಿನ ಮೇಲೆ ಒಂದು ವಾರ ಬೀಳದೆ ಓಡಿದ್ದನ್ನು ತೋರಿಸಬೇಕು. ಇದನ್ನು ನಿಜವಾಗಿ ಬಳಸುವವರು ಒಬ್ಬರಾದರೂ ಇದ್ದಾರೆ ಅಂತ ಹೇಳಬೇಕು. ನಮ್ಮ ಲೆಕ್ಕದಲ್ಲಿ ದಸರಾ ಹೊತ್ತಿಗೆ ಇಷ್ಟು ಆದರೆ ಉಳಿಸೋಣ ಅಂದಿದ್ದ.

ಮಳೆ ಶುರುವಾಯಿತು. ಬೆಳಗ್ಗೆ ಅಮ್ಮನ ತಿಂಡಿ ಮುಗಿಸಿಕೊಂಡು ನಾನು ಕುರುಬರಹಳ್ಳಿಗೆ ಹೋಗಿ ತಾರಸಿ ಹತ್ತುತ್ತಿದ್ದೆ. ಶೀಟಿನ ಮೇಲೆ ಮಳೆ ಬಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ರಿಪೇರಿ ಕಳಿಸುವುದೆಂದರೆ ಸುಮ್ಮನೆ ಕಳಿಸುವುದಲ್ಲ. ಒಂದೊಂದಕ್ಕೂ ಏನು ಮುರಿದಿತ್ತು, ಯಾಕೆ ಮುರಿಯಿತು, ಹೇಗೆ ಸರಿಮಾಡಿದೆ ಅಂತ ವಿವರಣೆ ಬೇಕು. ಸಾರ್ ಬರೆದರೆ ಒಂದೇ ವಾಕ್ಯ, ಅದೂ ಕ್ಷಮೆ ಕೇಳುವ ಧಾಟಿಯಲ್ಲಿ. ನಾನು ಅದನ್ನು ಎಳೆದೆಳೆದು ಉದ್ದ ಮಾಡುತ್ತಿದ್ದೆ. "ಇಷ್ಟೆಲ್ಲಾ ಹೇಳ್ಕೋಬೇಕಾ?" ಅಂತ ಅವರು ಗೊಣಗುತ್ತಿದ್ದರು. "ಹೇಳ್ಕೊಳ್ಳದೇ ಇದ್ದಿದ್ದಕ್ಕೇ ಈ ಗತಿ, ನೀವು ಸುಮ್ನಿರಿ ಸಾರ್" ಅನ್ನುತ್ತಿದ್ದೆ.

ಜಯಮ್ಮ ಆಂಟಿ ತಾರಸಿಗೆ ಬಟ್ಟೆ ತೆಗೆಯಲು ಬಂದವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸಾರ್ ಯಾವತ್ತೂ ಪಾಠ ಹೇಳಿದವರಲ್ಲ, ಆದರೂ ಆಂಟಿ ಅವರನ್ನು ಮೇಷ್ಟ್ರೇ ಅನ್ನುತ್ತಿದ್ದರು. ಅವರ ಎದುರಿಗೆ ಕೇಳಲು ಸಂಕೋಚವಾಗಿ, ಒಂದು ದಿನ ಸಾರ್ ಕೆಳಗೆ ಹೋದಾಗ ಆಂಟಿ ನನ್ನನ್ನು ಹಿಡಿದರು.

"ಗಿರಿಜಾ, ಆ ಡಬ್ಬಗಳು ಏನ್ ಮಾಡ್ತವೆ ಕಣೇ?"

"ಆನ್ ಆಗ್ತವೆ ಆಂಟಿ."

"ಆಮೇಲೆ?"

"ಆಮೇಲೆ ನಾವು ಆಫ್ ಮಾಡ್ತೀವಿ."

"ಅಷ್ಟೇನಾ?"

"ಅಷ್ಟೇ."

ಆಂಟಿ "ಪಾಪ ಮೇಷ್ಟ್ರು" ಅಂದು, ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು ಹೋದರು. ನನಗೆ ಅವರ ಮೇಲೆ ಸಿಟ್ಟು ಬಂತು. ಸಿಟ್ಟಿಗೆ ಕಾರಣ, ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ಗಾಳಿಗೆ ಶೀಟಿನ ಮೊಳೆ ಸಡಿಲಾಗಿ ನೀರು ಮೇಜಿನ ಒಂದು ಮೂಲೆಗೆ ಇಳಿಯಿತು. ನಾವು ಊಟಕ್ಕೆ ಕೆಳಗೆ ಹೋಗಿದ್ದೆವು. ಬಂದು ನೋಡಿದರೆ ಒಂದು ಬೋರ್ಡು ನೀರಲ್ಲಿ ನೆನೆದಿತ್ತು, ಅದಕ್ಕೆ ಕರೆಂಟು ಬೇರೆ ಹರಿಯುತ್ತಿತ್ತು. ಸಾರ್ ಅದನ್ನು ಒರೆಸಿ, ಒಣಗಿಸಿ, ಜಯಮ್ಮ ಆಂಟಿಯ ಮಗಳ ಕೂದಲು ಒಣಗಿಸುವ ಯಂತ್ರ ಹಿಡಿದು ನೋಡಿದರು. ಅದು ಏಳಲಿಲ್ಲ. ಎರಡನೆಯದರ ಕೆಪಾಸಿಟರುಗಳು ತೇವಕ್ಕೋ ವಯಸ್ಸಿಗೋ ಹೊಟ್ಟೆ ಊದಿಸಿಕೊಂಡಿದ್ದವು. ಅವನ್ನು ಕಿತ್ತು ಹೊಸದು ಕೂರಿಸಲು ಸಾರ್ ದಿನವಿಡೀ ಬೆಸುಗೆ ಕಡ್ಡಿ ಹಿಡಿದು ಬಾಗಿ ಕೂತಿರುತ್ತಿದ್ದರು. ರೂಮಿನ ತುಂಬ ರಾಳದ ಹೊಗೆ. ಕೈ ನಡುಗುತ್ತಿತ್ತು ಅವರಿಗೆ. ಒಂದು ಸಲ ಕಡ್ಡಿ ಜಾರಿ ಬೋರ್ಡಿನ ತಾಮ್ರದ ಗೆರೆಯೊಂದು ಎದ್ದುಬಂತು. "ಹೋಯ್ತು" ಅಂದರು. ನಾನು "ನಾನು ಮಾಡ್ಲಾ ಸಾರ್?" ಅಂದೆ. ನನಗೆ ಆ ಕೆಲಸ ಬಾರದು, ಇಬ್ಬರಿಗೂ ಗೊತ್ತಿತ್ತು. ಎರಡನೆಯದನ್ನೂ ಬಟ್ಟೆ ಸುತ್ತಿ ಪಕ್ಕಕ್ಕೆ ಇಟ್ಟೆವು.

ಬಳಸುವವರೊಬ್ಬರು ಬೇಕಲ್ಲ, ಸಾರ್ ತಲೆ ಕೆರೆದುಕೊಂಡು ಕೆರೆದುಕೊಂಡು ಒಂದು ನೆನಪು ಮಾಡಿಕೊಂಡರು. ಕಾರ್ಖಾನೆ ಮುಚ್ಚುವ ಮುಂಚೆ ಕೆಂಗೇರಿಯ ಹತ್ತಿರ ನೂಲಿಗೆ ಬಣ್ಣ ಹಾಕುವ ಒಂದು ಘಟಕಕ್ಕೆ ಇದೇ ಬೋರ್ಡು ಕೂರಿಸಿದ ಪೆಟ್ಟಿಗೆಯೊಂದನ್ನು ಕೊಟ್ಟಿದ್ದರಂತೆ. ತೊಟ್ಟಿಯ ಬಿಸಿ ಎಷ್ಟಿರಬೇಕು, ಬಣ್ಣ ಯಾವಾಗ ಬಿಡಬೇಕು ಅಂತ ನೋಡಿಕೊಳ್ಳುವುದು ಅದರ ಕೆಲಸ. ಸ್ಕೂಟರಿನಲ್ಲಿ ಸಾರ್‌ ಅವರನ್ನು ಹಿಂದೆ ಕೂರಿಸಿಕೊಂಡು, ರೇನ್‌ಕೋಟ್ ಹಾಕಿಸಿ, ಮೈಸೂರು ರಸ್ತೆಯ ಗುಂಡಿಗಳಲ್ಲಿ ಎದ್ದು ಬಿದ್ದು ಹೋದೆವು. ಘಟಕ ಇತ್ತು! ಮಾಲೀಕ ಹನುಮಂತರಾಯಪ್ಪನವರೂ ಇದ್ದರು. ಒಳಗೆ ಗೋಡೆಯ ಮೇಲೆ ಆ ಪೆಟ್ಟಿಗೆ, ಅದರ ಹಣೆಗೆ ಅರಿಶಿನ ಕುಂಕುಮ, ಮೇಲೊಂದು ಚೆಂಡುಹೂವು. ಪಕ್ಕದಲ್ಲಿ ಕೆಂಪು ನೂಲಿನ ಲಡಿಗಳು ತೊಟ್ಟಿಯಿಂದ ಹಬೆಯಾಡುತ್ತ ಮೇಲೇಳುತ್ತಿದ್ದವು. ಸಾರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಂತರು. ಅವರ ಕಣ್ಣು ತುಂಬಿ ಬಂದದ್ದನ್ನು ನಾನು ನೋಡಿದೆ.

"ಇದುವರ್ಗೂ ಒಂದು ದಿನ ಕೈ ಕೊಟ್ಟಿಲ್ಲ ಸ್ವಾಮಿ. ನಿಮ್ಮ ಕೈಗುಣ" ಅಂದರು ಹನುಮಂತರಾಯಪ್ಪ. ಕಾಫಿ ತರಿಸಿದರು.

ನಾನು ಉಬ್ಬಿಹೋದೆ. ವಿಷಯ ಹೇಳಿದೆ. ಇದಕ್ಕೆ ಹೊಸ ಕರ್ನಲ್ ಹಾಕಿಕೊಡುತ್ತೇವೆ, ನೀವು ಬಳಸುತ್ತಿದ್ದೀರಿ ಅಂತ ಒಂದು ಮಾತು ಬರೆದುಕೊಟ್ಟರೆ ಸಾಕು ಅಂದೆ. ಅವರ ಮುಖದ ನಗು ಹಾಗೇ ಇಳಿಯಿತು.

"ಅಂದ್ರೆ ಇದನ್ನ ಬಿಚ್ತೀರಾ?"

"ಸ್ವಲ್ಪ ಹೊತ್ತು ಅಷ್ಟೇ ಯಜಮಾನ್ರೇ."

ಅವರು ಎದ್ದು ಬಂದು ಪೆಟ್ಟಿಗೆಗೂ ನಮಗೂ ನಡುವೆ ನಿಂತರು. "ಬೇಡಮ್ಮ, ಕೈ ಮುಗೀತೀನಿ, ಅದರ ತಂಟೆಗೆ ಬರಬೇಡಿ. ಚೆನ್ನಾಗಿ ನಡೀತಾ ಇರೋದನ್ನ ಯಾಕ್ರೀ ಮುಟ್ಬೇಕು? ನಾವು ಅದರ ದೂಳು ಸಹ ಒರಸಲ್ಲ."

ವಾಪಸು ಬರುವಾಗ ಮಳೆ ನಿಂತಿತ್ತು. ಸಿಗ್ನಲ್‌ನಲ್ಲಿ ನಿಂತಾಗ ನಾನು ಹೇಳಿದೆ: "ಪರವಾಗಿಲ್ಲ ಬಿಡಿ ಸಾರ್. ಬಳಸೋರು ಒಬ್ಬರು ಸಿಕ್ಕಿದ್ರಲ್ಲ. ಕೆಂಗೇರಿಯಲ್ಲಿ ಒಂದು ಘಟಕ ಇದನ್ನ ದಿನಾ ಬಳಸ್ತಿದೆ ಅಂತ ಬರೆಯೋಣ."

"ಅವರು ಬಳಸ್ತಿರೋದು ಅವತ್ತಿನ ಕರ್ನಲ್ ಕಣಮ್ಮ. ಇವತ್ತಿಂದನ್ನ ಅವರು ಯಾವತ್ತೂ ಹಾಕಲ್ಲ. ಅದನ್ನ ಬಳಕೆ ಅಂತ ಹೇಳಿದ್ರೆ ಸುಳ್ಳಾಗುತ್ತೆ."

"ಅಯ್ಯೋ ರಾಮ! ಆ ಮೇಲ್ ಬರೆದವನೇನು ಕೆಂಗೇರಿಗೆ ಬಂದು ನೋಡ್ತಾನಾ?"

"ಬರಲ್ಲ" ಅಂದರು ಸಾರ್. ನಾಯಂಡಹಳ್ಳಿ ದಾಟಿದ ಮೇಲೆ ನನ್ನ ಬೆನ್ನ ಹಿಂದಿನಿಂದ, "ಹನುಮಂತರಾಯಪ್ಪ ನನ್ನ ಥರಾನೇ ಗಿರಿಜಾ. ಸರಿ ಇದ್ರೆ ಸುಮ್ನಿರ್ತಾರೆ" ಅಂದರು.

ಉಳಿದದ್ದು ಒಂದೇ ಬೋರ್ಡು. ಗಣೇಶನ ಹಬ್ಬ ಕಳೆದ ಮೇಲೆ ಅದನ್ನು ಒಂದು ವಾರದ ಓಟಕ್ಕೆ ಬಿಟ್ಟೆವು. ಜಯಮ್ಮ ಆಂಟಿ ತಮ್ಮ ಮನೆಯ ಯುಪಿಎಸ್‌ನಿಂದ ವೈರ್ ಎಳೆಸಿಕೊಟ್ಟರು. ನಂಬಿಕೆ ಇದ್ದದ್ದಕ್ಕಲ್ಲ, ಮೇಷ್ಟ್ರ ಮುಖ ನೋಡಲಾಗದೆ. ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದೆವು. ಸಾರ್ ಊಟಕ್ಕೂ ಕೆಳಗೆ ಇಳಿಯಲೊಲ್ಲರು. ಅವರ ಹೆಂಡತಿ ಮೊಸರನ್ನದ ಡಬ್ಬಿ ಮೇಲಕ್ಕೆ ಕಳಿಸುತ್ತಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಕರೆಂಟು ಹೋಯಿತು, ಬಂತು, ಹೋಯಿತು. ಬೋರ್ಡು ಓಡುತ್ತಲೇ ಇತ್ತು. ವಾರ ತುಂಬಿದ ಬೆಳಗ್ಗೆ ಪರದೆಯ ಮೇಲೆ ಒಂದೇ ಒಂದು ತಪ್ಪಿಲ್ಲದೆ ಸಾಲುಗಳು ನಿಂತಿದ್ದವು. ನಾನು ಕುಣಿದಾಡಿಬಿಟ್ಟೆ. ಓಡಿಹೋಗಿ ಬೇಕರಿಯಿಂದ ಕಾಂಗ್ರೆಸ್ ಕಡಲೇಬೀಜ, ಖಾರಾ ಬನ್ ತಂದೆ. ಸಾರ್ ಬನ್ ಕೈಯಲ್ಲಿ ಹಿಡಿದುಕೊಂಡು, "ಪ್ರಭಾಕರ ಇರಬೇಕಿತ್ತು" ಅಂದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ನೋಡಿದ್ದು ಅದೊಂದೇ ಸಲ.

ಎಲ್ಲವನ್ನೂ ಕಳಿಸಿದೆವು. ಆ ಹಿರಿಯ ಬರೆದ: ರಿಪೇರಿಗಳು ಅಚ್ಚುಕಟ್ಟಾಗಿವೆ, ಪರೀಕ್ಷೆಯೂ ಒಪ್ಪಿಗೆ. ಒಂದು ಮಾತು ಮಾತ್ರ ಉಳಿದಿದೆ. ಈ ಕರ್ನಲ್ಲನ್ನು ಈ ಪ್ರೊಸೆಸರ್ ಮೇಲೆ, ಪರೀಕ್ಷೆ ಮಾಡುವುದಕ್ಕಲ್ಲದೆ ಬೇರೆ ಯಾವುದಕ್ಕಾದರೂ ಬಳಸುವವರು ಇದ್ದಾರೆಯೇ?

"ನಾನೇ ಬಳಸ್ತೀನಿ ಅಂತ ಬರೀರಿ ಸಾರ್" ಅಂದೆ.

"ಏನಕ್ಕೆ ಬಳಸ್ತೀನಿ?"

"ಏನೋ ಒಂದಕ್ಕೆ. ತಾರಸಿ ಮೇಲಿನ ನೀರಿನ ಟ್ಯಾಂಕ್ ನೋಡ್ಕೊಳ್ಳೋಕೆ. ಇವತ್ತೇ ಒಂದು ವೈರ್ ಎಳೆದ್ರಾಯ್ತು!"

"ಅವನು ಕೇಳಿದ್ಮೇಲೆ ಎಳೆದ ವೈರು" ಅಂದರು ಸಾರ್, ಮೆತ್ತಗೆ. ಇಲ್ಲ, ಬೇರೆ ಯಾರೂ ಬಳಸುತ್ತಿಲ್ಲ ಅಂತ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದು ಕಳಿಸಿಬಿಟ್ಟರು. ನಾನು ಅಂದು ಅವರ ಹತ್ತಿರ ಮಾತು ಬಿಟ್ಟು ಮನೆಗೆ ಹೋದೆ.

ಆ ಹಿರಿಯನನ್ನು ಬೈಯೋಣವೆಂದರೆ ಅವನದ್ದೂ ತಪ್ಪಿಲ್ಲ. ಯಾರೂ ಬಳಸದ ಫೋಲ್ಡರಿದ್ದರೆ ಬೇರೆಯವರು ಒಂದೊಂದು ಬದಲಾವಣೆ ಮಾಡುವಾಗಲೂ ಅದನ್ನು ಹೊತ್ತುಕೊಂಡು ತಿರುಗಬೇಕು. ಎಷ್ಟು ದಿನ ಅಂತ ಹೊರುತ್ತಾರೆ? ಫೋಲ್ಡರ್ ತೆಗೆದುಹಾಕುವ ಬದಲಾವಣೆಯನ್ನು ಕರ್ನಲ್ಲಿನವರು ಸಿದ್ಧಮಾಡಿ, ಹದಿನೈದು ದಿನ ಎಲ್ಲರೂ ನೋಡಿ ಅಂತ ಹರಡಿದರು. ನವರಾತ್ರಿ ಶುರುವಾಗಿತ್ತು. ನಾನು ಮುನಿಸು ಬಿಟ್ಟು ಮತ್ತೆ ತಾರಸಿ ಹತ್ತಿದೆ. ಸಾರ್ ಆ ಬದಲಾವಣೆಯನ್ನು ತಮ್ಮ ಪ್ರತಿಗೆ ಹಾಕಿಕೊಂಡು ಒಂದೊಂದೇ ಸಾಲು ಓದುತ್ತಿದ್ದರು. ಪರದೆಯ ತುಂಬ ಕೆಂಪು ಸಾಲುಗಳು; ಕೆಂಪು ಅಂದರೆ ಅಳಿಸಿದ್ದು. ಪ್ರಭಾಕರ್ ಬರೆದದ್ದು, ವೆಂಕಟೇಶ್ ಬರೆದದ್ದು, ಅವರೇ ಬರೆದದ್ದು.

"ಯಾಕೆ ಸಾರ್ ಇದನ್ನ ಓದ್ತೀರಾ? ಕಣ್ಣಿಗೆ ಹಿಂಸೆ."

"ಇದೂ ಒಂದು ಬದಲಾವಣೆ ತಾನೇ. ಟೆಸ್ಟ್ ಮಾಡ್ಬೇಕಲ್ಲ" ಅಂದರು.

ಅವರು ಬೇರೆಬೇರೆ ಪ್ರೊಸೆಸರ್‌ಗಳಿಗೆ ಅದನ್ನು ಕಂಪೈಲ್ ಮಾಡಿ ನೋಡಿದರು. ಬೆಳಗ್ಗೆಯೆಲ್ಲ ಅದೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ಕಡೆ ನಿಂತಿತು. ಸಾರ್ ಕನ್ನಡಕ ಹಣೆಗೇರಿಸಿ ಪರದೆಗೆ ಹತ್ತಿರ ಬಗ್ಗಿದರು. ನಾನೂ ನೋಡಿದೆ. ಇವರ ಫೋಲ್ಡರಿನಲ್ಲಿದ್ದ ಒಂದು ಚಿಕ್ಕ ಫೈಲನ್ನು ಬೇರೆ ಜಾತಿಯ ಇನ್ನೊಂದು ಹಳೇ ಪ್ರೊಸೆಸರ್ ಎರವಲು ತಂದು ಬಳಸುತ್ತಿತ್ತು. ಇದನ್ನು ಕಿತ್ತರೆ ಅದೂ ಮುರಿಯುತ್ತದೆ. ತೆಗೆಯುವವರು ಅದನ್ನು ಗಮನಿಸಿರಲಿಲ್ಲ.

ನಾನು ಕೂತಲ್ಲಿಂದ ಎದ್ದುಬಿಟ್ಟೆ. "ಸಾರ್! ಸುಮ್ನಿರಿ. ದಯವಿಟ್ಟು ಸುಮ್ನಿರಿ. ನಿಮಗೆ ಅದು ಚೆನ್ನಾಗಿ ಬರುತ್ತೆ, ಇದೊಂದು ಸಲ ಮಾಡಿ. ಅವರು ಹೀಗೇ ಸೇರಿಸಲಿ. ಆ ಕಡೆ ಮುರಿದು ಬೀಳುತ್ತೆ, ಅವರು ಬೊಬ್ಬೆ ಹೊಡೀತಾರೆ, ಇಡೀ ಬದಲಾವಣೆ ವಾಪಸ್ ತಗೋತಾರೆ. ನಮಗೆ ಇನ್ನೊಂದು ಆವೃತ್ತಿವರೆಗೂ ಸಮಯ ಸಿಗುತ್ತೆ. ಅಷ್ಟರೊಳಗೆ ಯಾರಾದ್ರೂ ಸಿಗ್ತಾರೆ."

ಸಾರ್ ನನ್ನ ಮಾತನ್ನು ಪೂರ್ತಿ ಕೇಳಿದರು. ಆಸೆ ಆಗಲಿಲ್ಲ ಅಂತಲ್ಲ. ಆ ಮುಖ ನನಗೆ ಗೊತ್ತು. ಬಹಳ ಹೊತ್ತು ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಕೂತರು. ಕೆಳಗೆ ಜಯಮ್ಮ ಆಂಟಿ ಗೊಂಬೆ ಕೂರಿಸಿದ್ದರು, ಯಾರೋ ಹೆಂಗಸರು ಬಂದು ಹಾಡು ಹೇಳುತ್ತಿದ್ದರು.

"ಅಲ್ಲೂ ಒಬ್ಬ ಕೂತಿರ್ತಾನೆ ಗಿರಿಜಾ. ಸೋಮವಾರ ಬೆಳಗ್ಗೆ ಸ್ವಿಚ್ ಹಾಕ್ತಾನೆ. ಅವನ ಬೋರ್ಡು ಏಳಲ್ಲ" ಅಂದರು.

"ಹಾಳಾಗಿ ಹೋಗಲಿ ಸಾರ್! ನಿಮ್ಮದು ಏಳದೇ ಇದ್ದಾಗ ಯಾರು ಕೇಳಿದ್ರು?"

"ನಾನು ಹೇಳಿದ್ರೆ ತಾನೇ ಕೇಳೋಕೆ."

ಕೀಬೋರ್ಡನ್ನು ನನ್ನ ಕಡೆ ಸರಿಸಿ, ನೀನೇ ಟೈಪ್ ಮಾಡು ಅಂದರು. ಯಾವ ಫೈಲು, ಯಾವ ಪ್ರೊಸೆಸರ್ ಮುರಿಯುತ್ತದೆ, ಅದನ್ನು ಎಲ್ಲಿಗೆ ಎತ್ತಿಟ್ಟರೆ ಸರಿಹೋಗುತ್ತದೆ, ಎಲ್ಲವನ್ನೂ ಹೇಳಿ ಬರೆಸಿದರು. ಈ ಸಲ ಒಂದು ವಾಕ್ಯವಲ್ಲ, ಬಿಡಿಸಿ ಬಿಡಿಸಿ ಹೇಳಿದರು. ನಾನು ಅಳುತ್ತಲೇ ಟೈಪ್ ಮಾಡಿದೆ. ಕಳಿಸು ಅಂದರು. ಕಳಿಸಿದೆ.

ಮಾರನೆಯ ದಿನವೇ ತಿದ್ದಿದ ಬದಲಾವಣೆ ಬಂತು. ಯಾವುದೇ ಬದಲಾವಣೆಯ ಅಡಿಯಲ್ಲಿ ಅದರ ತಪ್ಪು ಹಿಡಿದವರ, ಪರೀಕ್ಷೆ ಮಾಡಿದವರ ಹೆಸರು ಬರೆಯುವುದು ಆ ಜನರ ರೂಢಿ. ಆ ಹಿರಿಯ ತುಂಬ ಧನ್ಯವಾದ ಹೇಳಿ, ತಪ್ಪು ಹಿಡಿದು ಪರೀಕ್ಷೆ ಮಾಡಿದವರು ಅಂತ ಸಾರ್ ಹೆಸರನ್ನು ಹಾಕಿದ್ದ. ಕರ್ನಲ್ಲಿನಲ್ಲಿ ಪ್ರಭಾಕರ್ ಮತ್ತು ವೆಂಕಟೇಶರ ಹೆಸರು ಹುಡುಕಿದರೆ ಈಗ ಸಿಗುವುದಿಲ್ಲ. ಬೇರೆ ಕಡೆ ಎತ್ತಿಟ್ಟ ಆ ಚಿಕ್ಕ ಫೈಲು ಬಿಟ್ಟರೆ ಆ ಮೂವರು ಬರೆದ ಒಂದು ಸಾಲೂ ಅದರಲ್ಲಿಲ್ಲ. ಅದನ್ನೆಲ್ಲ ತೆಗೆದುಹಾಕಿದ ಬದಲಾವಣೆಯ ಅಡಿಯಲ್ಲಿ ಮಾತ್ರ ಸಾರ್ ಹೆಸರಿದೆ.

ಹೊಸ ಆವೃತ್ತಿ ಹೊರಬಂದ ಸೋಮವಾರ ನಾನು ಬೆಳಗ್ಗೆಯೇ ಹೋದೆ. ಅವರು ಒಬ್ಬರೇ ಇರಬಾರದು ಅನ್ನಿಸಿತ್ತು. ಮಳೆ ಪೂರ್ತಿ ನಿಂತು ತಾರಸಿಯಲ್ಲಿ ಚುರುಕು ಬಿಸಿಲು ಬಿದ್ದಿತ್ತು. ಸಾರ್ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಆಗಲೇ ಮೇಲೆ ಬಂದು ಕೂತಿದ್ದರು. ಕಂಪ್ಯೂಟರಿನಲ್ಲಿ ಹೊಸ ಕರ್ನಲ್ ಇಳಿದು ಮುಗಿದಿತ್ತು. ಅವರ ಬಲಗೈ ಅಭ್ಯಾಸಬಲದಿಂದ ಹೋಗಿ ಬೋರ್ಡಿನ ಸ್ವಿಚ್ಚಿನ ಮೇಲೆ ಕೂತಿತ್ತು. ನನ್ನನ್ನು ಕಂಡು, ಕೈ ತೆಗೆಯದೆಯೇ ಕೇಳಿದರು:

"ಇಳಿಸ್ಕೊಂಡೆ ಗಿರಿಜಾ. ಈಗ ಏನ್ ಮಾಡ್ಬೇಕು ಹೇಳು?"